ಮಿಲಿಮೀಟರಿಗೆ ನೂರು ಕಿಲೋಮೀಟರ್: ಮನೆಯಲ್ಲೇ ಒಂದು ಭೂಮಿ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು: ಭೂಮಿಯ ಪದರಗಳ ಮಾದರಿ. ಉಳಿದವನ್ನು ಮುಂದಿನ ತಿಂಗಳಿಗೆ ತೆಗೆದಿಟ್ಟು ಈ ಐದನ್ನೇ ಕೈಗೆತ್ತಿಕೊಂಡಿದ್ದೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಈ ಪಾಠ ಬಂದಾಗಲೆಲ್ಲ ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸಿದ್ದೇನೆ, ಒಮ್ಮೊಮ್ಮೆ ತಪ್ಪನ್ನೂ ಮಾಡಿಸಿದ್ದೇನೆ. ಅದನ್ನೂ ಇಲ್ಲಿ ಹೇಳುತ್ತೇನೆ.

ಏಳನೇ ತರಗತಿಯ ಮಗಳಿಗೆ ಭೂಮಿಯ ಪದರಗಳ ಮಾದರಿ ಮಾಡಿಕೊಂಡು ಬರಲು ಹೇಳಿದ್ದಾರೆ. ಹೊರಗಿನಿಂದ ಏನೂ ತರದೆ ಮನೆಯಲ್ಲಿರುವ ವಸ್ತುಗಳಲ್ಲೇ ಮಾಡಬಹುದೇ? ಯಾವ ಪದರ ಎಷ್ಟು ದಪ್ಪ ಇರಬೇಕು? ಚಿತ್ರಗಳಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ. (ಒಬ್ಬ ತಾಯಿ)

ದಪ್ಪ ಎಷ್ಟು ಅಂತ ಕೇಳಿದಿರಲ್ಲ, ತುಂಬಾ ಸಂತೋಷವಾಯಿತು. ಸಾಮಾನ್ಯವಾಗಿ ಎಲ್ಲರೂ ಕೇಳುವುದು ಬಣ್ಣ ಯಾವುದು ಅಂತ. ಚಿತ್ರಗಳಲ್ಲಿ ಹೆಸರು ಬರೆಯಲು ಜಾಗ ಬೇಕಲ್ಲ, ಅದಕ್ಕೇ ಹೊರಗಿನ ಪದರವನ್ನು ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗೆ ಬರೆದಿರುತ್ತಾರೆ. ನಿಜವಾದ ಭೂಮಿ ಹಾಗಿಲ್ಲ.

ಒಂದು ಸುಲಭದ ಅಳತೆ ಇಟ್ಟುಕೊಳ್ಳಿ. ನಿಮ್ಮ ಮಾದರಿಯಲ್ಲಿ ಒಂದು ಮಿಲಿಮೀಟರ್ ಅಂದರೆ ಭೂಮಿಯಲ್ಲಿ ನೂರು ಕಿಲೋಮೀಟರ್. ಭೂಮಿಯ ಮೇಲ್ಮೈಯಿಂದ ನಡುಮಧ್ಯಕ್ಕೆ ಸರಾಸರಿ 6,371 ಕಿ.ಮೀ. ಇದೆ, ಮಾದರಿಯಲ್ಲಿ ಅದು 64 ಮಿ.ಮೀ. ಆಗುತ್ತದೆ. ಅಂದರೆ ಸುಮಾರು 13 ಸೆಂ.ಮೀ. ಅಡ್ಡಳತೆಯ ಗೋಳ, ಎರಡೂ ಅಂಗೈ ಸೇರಿಸಿ ಹಿಡಿಯುವಷ್ಟು. ನಡುವಿನ ಒಳ ಕೇಂದ್ರಗೋಳ 24 ಮಿ.ಮೀ. ಅಡ್ಡಳತೆಯ ಗುಂಡು, ದೊಡ್ಡ ಗೋಲಿಯಷ್ಟು. ಅದರ ಸುತ್ತ ದ್ರವರೂಪದ ಹೊರ ಕೇಂದ್ರಗೋಳ, ಎಲ್ಲ ಕಡೆ 23 ಮಿ.ಮೀ. ದಪ್ಪ. ಅದರ ಮೇಲೆ ಮ್ಯಾಂಟಲ್, 29 ಮಿ.ಮೀ. ಕೊನೆಗೆ ನಾವು ನಿಂತಿರುವ ಭೂಕವಚ. ಸಾಗರದ ತಳದಲ್ಲಿ ಅದರ ದಪ್ಪ ಸುಮಾರು 7 ಕಿ.ಮೀ., ಖಂಡಗಳ ಕೆಳಗೆ ಸರಾಸರಿ 35ರಿಂದ 40 ಕಿ.ಮೀ. ನಮ್ಮ ಅಳತೆಯಲ್ಲಿ 0.07 ಮತ್ತು 0.4 ಮಿ.ಮೀ.

ಇಷ್ಟು ತೆಳುವಾಗಿ ಹಿಟ್ಟನ್ನೋ ಮಣ್ಣನ್ನೋ ಲಟ್ಟಿಸಲು ಯಾರಿಂದಲೂ ಆಗದು. ಕಾಗದ ತೆಗೆದುಕೊಳ್ಳಿ. ಎಷ್ಟು ತೆಳು ಅಂತ ಮಗಳೇ ಕಂಡುಹಿಡಿಯಲಿ: 200 ಪುಟದ ನೋಟ್‌ಬುಕ್‌ನಲ್ಲಿ ನೂರು ಹಾಳೆ ಇರುತ್ತವೆ, ರಟ್ಟು ಬಿಟ್ಟು ಹಾಳೆಗಳನ್ನು ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದು ನೂರರಿಂದ ಭಾಗಿಸಿದರೆ ಆಯಿತು. ನಾನು ಅಳೆದಾಗ 8 ಮಿ.ಮೀ. ಬಂತು, ಅಂದರೆ ಒಂದು ಹಾಳೆಗೆ 0.08. ಸಾಗರದ ತಳಕ್ಕೆ ಒಂದು ಹಾಳೆ ಸಾಕು. ಖಂಡಗಳಿರುವ ಕಡೆ ಐದು ಹಾಳೆ ಒಂದರ ಮೇಲೊಂದು ಅಂಟಿಸಿ. ಹಿಮಾಲಯ ಮತ್ತು ಟಿಬೆಟ್‌ನ ಕೆಳಗೆ ಭೂಕವಚ 70 ಕಿ.ಮೀ.ವರೆಗೂ ದಪ್ಪಗಿದೆ, ಅಲ್ಲಿ ಒಂಬತ್ತು ಹಾಳೆ. ಬೆರಳಾಡಿಸಿದರೆ ಆ ಭಾಗ ಸ್ವಲ್ಪ ಉಬ್ಬಿದ್ದು ಗೊತ್ತಾಗುತ್ತದೆ. ಸಮುದ್ರವನ್ನು ಬೇರೆ ಮಾಡಲು ಹೋಗಬೇಡಿ. ಸಾಗರಗಳ ಸರಾಸರಿ ಆಳ 3.7 ಕಿ.ಮೀ., ನೀಲಿ ಬಣ್ಣ ಒಂದು ಸಲ ಬಳಿದರೆ ಆ ಬಣ್ಣದ ಪೊರೆಯೇ ಅಷ್ಟಾಗುತ್ತದೆ.

ಇನ್ನು ಮಾಡುವ ಬಗೆ. ಪೂರ್ತಿ ಗೋಳ ಮಾಡಿ ಆಮೇಲೆ ಕತ್ತರಿಸುವುದಕ್ಕಿಂತ ಅರ್ಧಗೋಳವನ್ನೇ ಮಾಡುವುದು ಒಳ್ಳೆಯದು. ಕತ್ತರಿಸಲು ಹೋದಾಗ ಪದರಗಳು ಕಲಸಿಹೋಗಿ ಮಕ್ಕಳು ಅಳುವುದನ್ನು ನೋಡಿದ್ದೇನೆ. ಒಳಗಿನ ಬಾಯಿ 13 ಸೆಂ.ಮೀ. ಇರುವ, ತಳ ಗುಂಡಗಿರುವ ಬಟ್ಟಲು ಹುಡುಕಿ. ಒಳಗೆ ಎಣ್ಣೆ ಸವರಿ. ಎರಡು ಪಾಲು ಮೈದಾ, ಒಂದು ಪಾಲು ಪುಡಿ ಉಪ್ಪು ಸೇರಿಸಿ, ಮುಕ್ಕಾಲು ಪಾಲಿನಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ನೀರು ಹಾಕುತ್ತಾ ಗಟ್ಟಿ ಕಣಕ ಕಲಸಿ. ಅದನ್ನು ಬಟ್ಟಲಿನ ಒಳಮೈಗೆ ಒತ್ತುತ್ತಾ ಬನ್ನಿ. ದಪ್ಪ ಸರಿಯಾಗಿ 29 ಮಿ.ಮೀ. ಬರಬೇಕಲ್ಲ, ಅದಕ್ಕೊಂದು ಉಪಾಯವಿದೆ. ಗಟ್ಟಿ ರಟ್ಟಿನಲ್ಲಿ 70 ಮಿ.ಮೀ. ಅಡ್ಡಳತೆಯ ಅರ್ಧವೃತ್ತ ಕತ್ತರಿಸಿಕೊಂಡು, ಅದರ ನೇರ ಅಂಚು ಬಟ್ಟಲಿನ ಬಾಯಿಗೆ ಸಮವಾಗಿರುವಂತೆ ನಡುವಿನಲ್ಲಿ ಇಟ್ಟು ನಿಧಾನವಾಗಿ ತಿರುಗಿಸಿ. ಹೆಚ್ಚಾದ ಕಣಕವನ್ನು ರಟ್ಟೇ ಕೆರೆದು ತೆಗೆಯುತ್ತದೆ, ನುಣುಪಾದ ಗುಂಡನೆಯ ಹಳ್ಳ ಉಳಿಯುತ್ತದೆ. ಬೇರೆ ಬಣ್ಣದ ಕಣಕದಿಂದ ಆ ಹಳ್ಳ ತುಂಬಿ, 24 ಮಿ.ಮೀ. ಅರ್ಧವೃತ್ತದಿಂದ ಮತ್ತೆ ಹಾಗೇ ಕೆರೆಯಿರಿ. ಕೊನೆಯ ಪುಟ್ಟ ಗುಳಿಗೆ ಮೂರನೇ ಬಣ್ಣ. ಒಂದು ದಿನ ಬಿಟ್ಟು ಬಟ್ಟಲಿನಿಂದ ಹೊರತೆಗೆದು ಬೆನ್ನಿನ ಮೇಲೆ ಕಾಗದ ಅಂಟಿಸಿ.

ಒಂದು ಎಚ್ಚರಿಕೆ. ಇಷ್ಟು ದಪ್ಪದ ಕಣಕ ಹೊರಗೆ ಒಣಗಿದರೂ ಒಳಗೆ ಹಸಿಯಾಗಿಯೇ ಇರುತ್ತದೆ, ನಾಲ್ಕೈದು ದಿನಕ್ಕೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಮಾದರಿ ವರ್ಷಗಟ್ಟಲೆ ಉಳಿಯಬೇಕಾದರೆ ಹಳೆ ಪತ್ರಿಕೆಗಳನ್ನು ನೆನೆಹಾಕಿ, ರುಬ್ಬಿ, ಹಿಂಡಿ, ಅಂಟು ಕಲಸಿದ ಕಾಗದದ ತಿರುಳಿನಿಂದ ಮ್ಯಾಂಟಲ್ ಮಾಡಿ.

ಕಣಕ ಕಲಸುವಾಗ ಮಗಳಿಗೆ ಒಂದು ಚಮಚ ಕೊಡಿ, 5 ಮಿಲಿಲೀಟರಿನದು. ಪೂರ್ತಿ ಗೋಳಕ್ಕೆ ಲೆಕ್ಕ ಹೇಳುತ್ತೇನೆ, ನೀವು ಅರ್ಧ ಮಾಡಿಕೊಳ್ಳಿ. ಒಳ ಕೇಂದ್ರಗೋಳಕ್ಕೆ ಒಂದೂವರೆ ಚಮಚ. ಹೊರ ಕೇಂದ್ರಗೋಳಕ್ಕೆ 34. ಭೂಕವಚಕ್ಕೆ ಎರಡೇ ಎರಡು. ಮ್ಯಾಂಟಲ್‌ಗೆ 180! ಎಣಿಸಿ ಹಾಕಲಿ, ಕೈ ಸೋತರೂ ಎಣಿಸಲಿ. ಭೂಮಿ ಅಂದರೆ ಹೆಚ್ಚುಕಡಿಮೆ ಮ್ಯಾಂಟಲೇ ಅನ್ನುವುದನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದರೂ ಮಕ್ಕಳಿಗೆ ಮನಸ್ಸಿಗೆ ಇಳಿಯಲಿಲ್ಲ. ನೂರನೇ ಚಮಚ ಹಾಕುವಾಗ ಇಳಿಯಿತು.

ವಿಜ್ಞಾನ ಪ್ರದರ್ಶನಕ್ಕೆ ಮಾಡಿದ ಮಾದರಿಯಲ್ಲಿ ಮ್ಯಾಂಟಲ್ ಜಾಗದಲ್ಲಿ ಕೆಂಪು ಬಣ್ಣದ ನೀರು ತುಂಬಿದ್ದೆ. ನೋಡಲು ಬಂದವರು ತಪ್ಪು ಅಂದರು, ಯಾಕೆ ಅಂತ ಹೇಳಲಿಲ್ಲ. ಜ್ವಾಲಾಮುಖಿಯಿಂದ ಲಾವಾ ಬರುವುದು ಅಲ್ಲಿಂದಲೇ ಅಲ್ಲವೇ ಮೇಡಂ? (ಒಂಬತ್ತನೇ ತರಗತಿ ವಿದ್ಯಾರ್ಥಿ)

ಮಗು, ತಪ್ಪು ಅಂದಮೇಲೆ ಕಾರಣವನ್ನೂ ಹೇಳಬೇಕಿತ್ತು. ಅವರ ಪರವಾಗಿ ನಾನು ಹೇಳುತ್ತೇನೆ. ನಾನೂ ವರ್ಷಗಟ್ಟಲೆ ಕೆಂಪು ಸೀಮೆಸುಣ್ಣದಿಂದ ಮ್ಯಾಂಟಲ್ ಬರೆದು, "ಇದು ಕುದಿಯುವ ಶಿಲಾರಸ" ಅಂತಲೇ ಪಾಠ ಮಾಡಿದ್ದೆ. ತಿದ್ದಿಕೊಂಡದ್ದು ತಡವಾಗಿ. ಆ ಮೊದಲಿನ ಮಕ್ಕಳಿಗೆ ಹೋಗಿ ಹೇಳಲು ಆಗಲಿಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಮ್ಯಾಂಟಲ್ ಬಂಡೆ. ತುಂಬಾ ಬಿಸಿಯಾದ, ಆದರೆ ಗಟ್ಟಿ ಬಂಡೆ. ಭೂಕಂಪವಾದಾಗ ಹೊರಡುವ ಅಲೆಗಳಲ್ಲಿ ಎಸ್ ಅಲೆ ಅಂತ ಒಂದು ಬಗೆ ಇದೆ. ಅದು ಅಕ್ಕಪಕ್ಕಕ್ಕೆ ಅಲುಗಿಸುತ್ತಾ ಸಾಗುತ್ತದೆ. ಹಾಗೆ ಅಲುಗಿದ್ದು ತನ್ನ ಆಕಾರಕ್ಕೆ ಮರಳಬೇಕಾದರೆ ವಸ್ತು ಗಟ್ಟಿಯಾಗಿರಬೇಕು, ದ್ರವದಲ್ಲಿ ಈ ಅಲೆ ಹೋಗುವುದೇ ಇಲ್ಲ. ಮ್ಯಾಂಟಲ್‌ನಲ್ಲಿ ಮೇಲಿನಿಂದ ಕೆಳಗಿನವರೆಗೂ, 2,890 ಕಿ.ಮೀ. ಆಳದವರೆಗೂ ಎಸ್ ಅಲೆ ಹೋಗುತ್ತದೆ. ಅಲ್ಲಿ ನಿಂತುಬಿಡುತ್ತದೆ, ಯಾಕೆಂದರೆ ಅಲ್ಲಿಂದ ಹೊರ ಕೇಂದ್ರಗೋಳ ಶುರು.

ಹಾಗಾದರೆ ಗಟ್ಟಿ ಬಂಡೆ ಹರಿಯುತ್ತದೆ ಅನ್ನುತ್ತಾರಲ್ಲ, ಅದು ಹೇಗೆ? ಒಂದು ಉದ್ದನೆಯ ತೆಳ್ಳನೆಯ ಮೇಣದಬತ್ತಿ ತೆಗೆದುಕೋ. ಫಕ್ಕನೆ ಬಗ್ಗಿಸಿದರೆ ಲಟ್ ಅಂತ ಮುರಿಯುತ್ತದೆ. ಇನ್ನೊಂದನ್ನು ಎರಡು ಪುಸ್ತಕಗಳ ನಡುವೆ ಸೇತುವೆಯ ಹಾಗೆ ಮಲಗಿಸಿ, ಬೆಚ್ಚಗಿರುವ ಕೋಣೆಯಲ್ಲಿ ಬಿಡು, ಬೆಂಕಿ ಹಚ್ಚಬೇಡ. ದಿನಗಳು ಕಳೆದಂತೆ ನಡು ಕೆಳಗೆ ಜಗ್ಗುತ್ತದೆ. ಎಲ್ಲೂ ಕರಗಿಲ್ಲ, ಎಲ್ಲೂ ಬಿರುಕಿಲ್ಲ, ಉಗುರಿನಿಂದ ತಟ್ಟಿದರೆ ಗಟ್ಟಿ ಸದ್ದೇ ಬರುತ್ತದೆ, ಆದರೂ ಬಗ್ಗಿದೆ. ಮ್ಯಾಂಟಲ್ ಇದೇ ರೀತಿ. ಕ್ಷಣದಲ್ಲಿ ಹಾದುಹೋಗುವ ಭೂಕಂಪದ ಅಲೆಗೆ ಅದು ಗಟ್ಟಿ ಬಂಡೆ, ಲಕ್ಷಾಂತರ ವರ್ಷಗಳ ಭಾರಕ್ಕೆ ಅದು ಜಗ್ಗುವ ಮೇಣ. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾದ ಮೇಲೆ ಕೂತಿದ್ದ ಹಿಮದ ರಾಶಿ ಕರಗಿ ಸಾವಿರಾರು ವರ್ಷಗಳಾದವು. ಅದರ ಭಾರಕ್ಕೆ ತಗ್ಗಿದ್ದ ನೆಲ ಈಗಲೂ ಮೇಲೇಳುತ್ತಿದೆ, ಕೆಲವು ಕಡೆ ವರ್ಷಕ್ಕೆ ಸುಮಾರು ಒಂದು ಸೆಂ.ಮೀ.ನಷ್ಟು, ಒತ್ತಿ ಕೈ ತೆಗೆದ ಕಣಕ ನಿಧಾನವಾಗಿ ಉಬ್ಬುವ ಹಾಗೆ.

ಲಾವಾ ಎಲ್ಲಿಂದ ಬರುತ್ತದೆ ಅನ್ನುವ ನಿನ್ನ ಪ್ರಶ್ನೆ ಸರಿಯಾದದ್ದೇ. ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಕೆಲವು ಕಡೆ ಮಾತ್ರ ಬಂಡೆಯ ಸ್ವಲ್ಪ ಪಾಲು ಕರಗುತ್ತದೆ. ಬಿಸಿ ಬಂಡೆ ಮೇಲೇರುತ್ತಾ ಬಂದಾಗ ಅದರ ಮೇಲಿನ ಒತ್ತಡ ಇಳಿದು ಕರಗಬಹುದು. ಭೂಮಿಯ ಬಿಗಿಯಾದ ಹೊರಭಾಗ ಫಲಕಗಳೆಂಬ ದೊಡ್ಡ ತುಂಡುಗಳಾಗಿ ಒಡೆದಿದೆ. ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ, ಅದು ಹೊತ್ತೊಯ್ದ ನೀರು ಬಂಡೆಯ ಕರಗುವ ಬಿಂದುವನ್ನು ತಗ್ಗಿಸುವುದರಿಂದಲೂ ಕರಗಬಹುದು. ಮಾದರಿಯಲ್ಲಿ ಇದನ್ನು ತೋರಿಸಬೇಕೆಂದರೆ ಮ್ಯಾಂಟಲ್‌ನ ಮೇಲಂಚಿನಲ್ಲಿ ಸೂಜಿಯ ಮೊನೆಯಷ್ಟು ಕೆಂಪು ಚುಕ್ಕೆ ಇಡು, ಸಾಕು.

ಮ್ಯಾಂಟಲ್‌ಗೆ ಬಣ್ಣ ಯಾವುದು ಅಂತ ಕೇಳಿದರೆ ನಾನು ಹಸಿರು ಅನ್ನುತ್ತೇನೆ. ಮೇಲಿನ ಮ್ಯಾಂಟಲ್‌ನಲ್ಲಿ ಹೆಚ್ಚಾಗಿರುವುದು ಆಲಿವಿನ್ ಅನ್ನುವ ಹಸಿರು ಖನಿಜ. ಜ್ವಾಲಾಮುಖಿಗಳು ಕೆಲವೊಮ್ಮೆ ಆ ಬಂಡೆಯ ತುಂಡುಗಳನ್ನು ಕರಗಿಸದೆ ಹಾಗೇ ಹೊತ್ತು ತರುತ್ತವೆ, ಕಪ್ಪು ಲಾವಾದ ನಡುವೆ ಹಸಿರು ಹರಳುಗಳು ಮಿನುಗುತ್ತಿರುತ್ತವೆ. ಮುಂದಿನ ಸಲ ಹಸಿರು ಹಚ್ಚು. ಯಾರಾದರೂ ಯಾಕೆ ಅಂತ ಕೇಳಿದರೆ ಹೇಳಲು ನಿನ್ನ ಹತ್ತಿರ ಈಗ ಉತ್ತರ ಇದೆ.

ಬೇಯಿಸಿದ ಮೊಟ್ಟೆಯನ್ನು ಅರ್ಧ ಕತ್ತರಿಸಿ ಭೂಮಿ ಅಂತ ತೋರಿಸುವುದು ಸರಿಯೇ?

ಅರ್ಧ ಸರಿ. ಮೊಟ್ಟೆಯ ಚಿಪ್ಪು ಸುಮಾರು 0.35 ಮಿ.ಮೀ., ಅಡ್ಡಲಾಗಿ ಮೊಟ್ಟೆಯ ಅರ್ಧ ಅಗಲ 22 ಮಿ.ಮೀ. ಮೊಟ್ಟೆಯನ್ನು ಭೂಮಿಯಷ್ಟು ಹಿಗ್ಗಿಸಿದರೆ ಚಿಪ್ಪು ನೂರು ಕಿ.ಮೀ. ದಪ್ಪವಾಗುತ್ತದೆ. ಭೂಕವಚ ಅಷ್ಟು ದಪ್ಪ ಇಲ್ಲ. ಆದರೆ ಭೂಕವಚ ಮತ್ತು ಅದಕ್ಕೆ ಅಂಟಿಕೊಂಡ ಮ್ಯಾಂಟಲ್‌ನ ಮೇಲಿನ ಬಿಗಿ ಭಾಗ, ಎರಡೂ ಸೇರಿದ ಶಿಲಾಗೋಳ ಹೆಚ್ಚುಕಡಿಮೆ ಅಷ್ಟೇ ದಪ್ಪ. ತುಂಡುತುಂಡಾಗಿ ಒಡೆದು ವರ್ಷಕ್ಕೆ ಕೆಲವು ಸೆಂ.ಮೀ. ಜರುಗುವ ಫಲಕಗಳು ಇದರವೇ. ಹಾಗಾಗಿ ಮೊಟ್ಟೆಯನ್ನು ಕತ್ತರಿಸಬೇಡಿ. ಮೇಜಿನ ಮೇಲೆ ಮೆಲ್ಲಗೆ ತಟ್ಟಿ, ಚಿಪ್ಪು ಬಿರುಕುಬಿಟ್ಟ ಮೇಲೆ ಒಂದು ತುಂಡನ್ನು ಬೆರಳಿನಿಂದ ಜರುಗಿಸಿ. ಒಂದು ಕಡೆ ಅಂಚು ಅಂಚಿಗೆ ಏರುತ್ತದೆ, ಇನ್ನೊಂದು ಕಡೆ ಬಿಳಿ ಭಾಗ ಇಣುಕುತ್ತದೆ. ಫಲಕಗಳ ಪಾಠಕ್ಕೆ ಇಷ್ಟು ಒಳ್ಳೆಯ ಮಾದರಿ ಇನ್ನೊಂದಿಲ್ಲ.

ನಾನು ಶಿಕ್ಷಕ. "ಯಾರೂ ಒಳಗೆ ಹೋಗಿ ನೋಡಿಲ್ಲ, ಮತ್ತೆ ಹೇಗೆ ಗೊತ್ತು ಸರ್?" ಅಂತ ಮಕ್ಕಳು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ನಂಬಿಕೆ ಬರುತ್ತಿಲ್ಲ. ಪ್ರಯೋಗಾಲಯವಿಲ್ಲದೆ ಏನಾದರೂ ತೋರಿಸಬಹುದೇ?

ಮಕ್ಕಳು ನಂಬದಿರುವುದು ಒಳ್ಳೆಯದೇ ಸರ್. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯಲು ಶುರುಮಾಡಿ 1989ರ ಹೊತ್ತಿಗೆ ಮುಟ್ಟಿದ ಆಳ 12,262 ಮೀಟರ್. ಮೇಲಿನ ಅಳತೆಯಲ್ಲಿ ಅದು 0.12 ಮಿ.ಮೀ., ಐದು ಹಾಳೆಯ ಖಂಡದಲ್ಲಿ ಒಂದೂವರೆ ಹಾಳೆ ತೂತಾಯಿತು, ಅಷ್ಟೇ. ನೋಡಿ ತಿಳಿದದ್ದಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ. ಆಮೇಲೆ ಈ ಮೂರನ್ನು ಮಾಡಿ.

ಮೊದಲನೆಯದು ಕಲ್ಲು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ತೂಗಿ ಬರೆದುಕೊಳ್ಳಿ. ಈಗ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗುಬಿಡಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಮಿಲಿಲೀಟರ್. ನನ್ನ ಮೇಜಿನ ಮೇಲಿರುವ ಗ್ರಾನೈಟ್ ತುಂಡು 268 ಗ್ರಾಂ, ನೀರಿನಲ್ಲಿ ತೂಗಿಬಿಟ್ಟಾಗ ತಕ್ಕಡಿ 99 ತೋರಿಸಿತು. ಅಂದರೆ ನೀರಿಗಿಂತ 2.7 ಪಟ್ಟು ಸಾಂದ್ರ. ಮಕ್ಕಳು ತಂದ ಕಲ್ಲುಗಳನ್ನೆಲ್ಲ ತೂಗಿಸಿ, ಸಾಮಾನ್ಯವಾಗಿ ಮೂರರ ಆಸುಪಾಸಿನಲ್ಲೇ ಬರುತ್ತವೆ. ಆಮೇಲೆ ಹೇಳಿ: 1798ರಲ್ಲಿ ಹೆನ್ರಿ ಕ್ಯಾವೆಂಡಿಷ್ ಸೀಸದ ಗುಂಡುಗಳ ನಡುವಿನ ಪುಟ್ಟ ಸೆಳೆತವನ್ನು ಅಳೆದು, ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಅಂತ ಕಂಡುಕೊಂಡರು. ಇವತ್ತಿನ ಲೆಕ್ಕ 5.51. ಮೇಲಿನ ಕಲ್ಲೆಲ್ಲ ಮೂರು, ಒಟ್ಟು ಭೂಮಿ ಐದೂವರೆ. ಹಾಗಾದರೆ ಒಳಗೆ ಏನಿರಬೇಕು? ಉತ್ತರ ನೀವು ಹೇಳಬೇಡಿ. ಒಂದು ನಿಮಿಷ ಕಾಯಿರಿ, ಹಿಂದಿನ ಬೆಂಚಿನಿಂದ "ಕಬ್ಬಿಣ" ಅಂತ ದನಿ ಬರುತ್ತದೆ. ನನ್ನ ತರಗತಿಯಲ್ಲಿ ಬಾರದ ವರ್ಷ ಇಲ್ಲ.

ಎರಡನೆಯದು ಮೊಟ್ಟೆ, ಒಂದು ಹಸಿ, ಒಂದು ಬೇಯಿಸಿದ್ದು. ಎರಡನ್ನೂ ತಟ್ಟೆಯಲ್ಲಿ ಬುಗುರಿಯಂತೆ ತಿರುಗಿಸಿ, ಬೆರಳಿನಿಂದ ಒಂದು ಕ್ಷಣ ತಡೆದು ಬಿಟ್ಟುಬಿಡಿ. ಬೆಂದದ್ದು ನಿಲ್ಲುತ್ತದೆ. ಹಸಿಯದು ಮತ್ತೆ ತಾನೇ ತಿರುಗಲು ಶುರುಮಾಡುತ್ತದೆ, ಒಳಗಿನ ದ್ರವ ನಿಂತಿರಲಿಲ್ಲವಲ್ಲ. ಒಡೆಯದೆಯೇ ಒಳಗೇನಿದೆ ಅಂತ ತಿಳಿಯಿತು. ಬುಧ ಗ್ರಹದ ಒಳಗೆ ಕರಗಿದ ಭಾಗ ಇದೆ ಅಂತ 2007ರಲ್ಲಿ ತೋರಿಸಿದ್ದೂ ಹೀಗೇ, ರೇಡಾರ್‌ನಿಂದ ಅದರ ತಿರುಗುವಿಕೆಯ ಸಣ್ಣ ಓಲಾಟವನ್ನು ಅಳೆದು.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕೋಣೆ ಕತ್ತಲು ಮಾಡಿ. ಬಿಳಿ ಹಾಳೆಯ ಮೇಲೆ ದುಂಡನೆಯ ಗಾಜಿನ ಲೋಟದ ತುಂಬ ನೀರಿಟ್ಟು, ಸ್ವಲ್ಪ ದೂರದಿಂದ ಟಾರ್ಚ್ ಬಿಡಿ. ಲೋಟದ ಹಿಂದೆ ನಡುವೆ ಪ್ರಖರವಾದ ಬೆಳಕಿನ ಗೆರೆ, ಅದರ ಎರಡೂ ಪಕ್ಕ ಕಪ್ಪು ಪಟ್ಟೆ. ನೀರಿನಲ್ಲಿ ಬೆಳಕಿನ ವೇಗ ತಗ್ಗಿ ಅದು ಒಳಕ್ಕೆ ಬಾಗುವುದರಿಂದ ಪಕ್ಕಕ್ಕೆ ಹೋಗಬೇಕಾದದ್ದೂ ನಡುವಿಗೆ ಬಂತು. ಭೂಕಂಪದ ಇನ್ನೊಂದು ಬಗೆಯ ಅಲೆ, ಹಿಂದೆಮುಂದೆ ತಳ್ಳುತ್ತಾ ದ್ರವದಲ್ಲೂ ಸಾಗುವ ಪಿ ಅಲೆಯೂ ಮ್ಯಾಂಟಲ್‌ನಿಂದ ಕೇಂದ್ರಗೋಳಕ್ಕೆ ಇಳಿದಾಗ ಹೀಗೇ ನಿಧಾನವಾಗುತ್ತದೆ, ಸೆಕೆಂಡಿಗೆ ಸುಮಾರು 13.7 ಕಿ.ಮೀ.ನಿಂದ 8 ಕಿ.ಮೀ.ಗೆ. ಹಾಗಾಗಿ ಭೂಕಂಪ ಆದ ಜಾಗದಿಂದ ಸುಮಾರು 104ರಿಂದ 140 ಡಿಗ್ರಿ ದೂರದ (ಭೂಮಿಯ ನಡುವಿನಲ್ಲಿ ಅಳೆದ ಕೋನ) ಪಟ್ಟಿಯಲ್ಲಿ ನೇರವಾದ ಪಿ ಅಲೆ ಮುಟ್ಟುವುದಿಲ್ಲ. ಅದು ಕೇಂದ್ರಗೋಳದ ನೆರಳು. ಅಲೆಗಳ ದಾಖಲೆಯಿಂದ ಕೇಂದ್ರಗೋಳ ಇದೆ ಅಂತ 1906ರಲ್ಲಿ ತೋರಿಸಿದವರು ರಿಚರ್ಡ್ ಓಲ್ಡ್‌ಹ್ಯಾಂ. ಅದು ದ್ರವ ಅಂತ 1926ರಲ್ಲಿ ಹೇಳಿದವರು ಹೆರಾಲ್ಡ್ ಜೆಫ್ರಿಸ್.

ಇನ್ನೂ ಒಂದು ಉಳಿದಿದೆ. ಈಗ ಲೋಟದ ನಡುವೆ ಒಂದು ಗಾಜಿನ ಗೋಲಿ ಹಾಕಿ ಟಾರ್ಚನ್ನು ಸ್ವಲ್ಪ ಆಚೀಚೆ ಆಡಿಸಿ. ಕತ್ತಲಿದ್ದ ಜಾಗದಲ್ಲಿ ಎಲ್ಲೋ ಮಸುಕಾಗಿ ಬೆಳಕು ಚೆಲ್ಲುತ್ತದೆ. ಇರಬಾರದ ಜಾಗದಲ್ಲಿ ಅಂಥದೇ ಮಸುಕು ಸಂಕೇತವನ್ನು ಗಮನಿಸಿದವರು ಡೆನ್ಮಾರ್ಕಿನ ಇಂಗೆ ಲೆಹ್ಮನ್. 1929ರಲ್ಲಿ ನ್ಯೂಜಿಲೆಂಡಿನಲ್ಲಾದ ಭೂಕಂಪದ ಅಲೆಗಳು ನೆರಳಿನ ಪಟ್ಟಿಯಲ್ಲೂ ಕಾಣಿಸಿದವು. ದೋಷ ಅಂತ ಅವನ್ನು ಪಕ್ಕಕ್ಕೆ ತಳ್ಳದೆ, ದ್ರವದೊಳಗೆ ಇನ್ನೊಂದು ಗೋಳ ಇದೆ ಅಂತ 1936ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಇಲ್ಲದ ಕಾಲ. ಭೂಕಂಪಗಳ ವಿವರ ಬರೆದ ಚೀಟಿಗಳನ್ನು ಓಟ್ಸ್‌ನ ರಟ್ಟಿನ ಡಬ್ಬಿಗಳಲ್ಲಿ ವಿಂಗಡಿಸಿಕೊಂಡು, ತೋಟದಲ್ಲಿ ಮೇಜು ಹಾಕಿ ಕೂತು ಲೆಕ್ಕ ಮಾಡುತ್ತಿದ್ದರಂತೆ. ಮನೆಯ ಖಾಲಿ ಡಬ್ಬಿಗಳನ್ನೇ ಹೀಗೆ ಬಳಸಿದವರ ಹೆಸರನ್ನು ಮಕ್ಕಳಿಗೆ ತಪ್ಪದೆ ಹೇಳಿ ಸರ್. 104 ವರ್ಷ ಬದುಕಿದ್ದ ಹೆಣ್ಣುಮಗಳು.

ಅಷ್ಟು ಬಿಸಿಯಿದ್ದೂ ನಡುವಿನ ಗುಂಡು ಯಾಕೆ ಗಟ್ಟಿ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಒತ್ತಡ ಹೆಚ್ಚಿದಂತೆ ಕಬ್ಬಿಣ ಕರಗಲು ಇನ್ನೂ ಹೆಚ್ಚಿನ ಬಿಸಿ ಬೇಕು. ಭೂಮಿಯ ನಡುವಿನಲ್ಲಿ ಒತ್ತಡ ನಾವು ಉಸಿರಾಡುವ ಗಾಳಿಯದರ 36 ಲಕ್ಷ ಪಟ್ಟು.

ನಮ್ಮ ಮಗನಿಗೆ ಕಣ್ಣು ಕಾಣುವುದಿಲ್ಲ. ಈ ಪಾಠದ ಎಲ್ಲ ಮಾದರಿಗಳೂ ಬಣ್ಣದ್ದೇ. ಮುಟ್ಟಿ ತಿಳಿಯುವಂಥದ್ದು ಏನು ಮಾಡಬಹುದು? (ಒಬ್ಬ ತಂದೆ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭೂಮಿಯ ಒಳಗು ಯಾರಿಗೂ ಕಾಣುವುದಿಲ್ಲ. ಬಣ್ಣ ನಾವು ಹಚ್ಚಿಕೊಂಡದ್ದು, ದಪ್ಪ, ಭಾರ, ಗಟ್ಟಿತನ ಭೂಮಿಯವು. ಅವು ಮೂರೂ ಕೈಗೆ ಸಿಗುವಂಥವೇ.

ಮೊದಲು ಒಂದು ದಾರ. ಇದಕ್ಕೆ ದೊಡ್ಡ ಅಳತೆ ಇರಲಿ, ಒಂದು ಮಿ.ಮೀ.ಗೆ ಹತ್ತು ಕಿ.ಮೀ. ದಪ್ಪ ದಾರದ ಒಂದು ತುದಿಗೆ ಮಣಿ ಕಟ್ಟಿ, ಅದು ಭೂಮಿಯ ನಡು. ಅಲ್ಲಿಂದ 12 ಸೆಂ.ಮೀ.ಗೆ ಒಂದು ಗಂಟು, 35ಕ್ಕೆ ಇನ್ನೊಂದು, ಸುಮಾರು 63ಕ್ಕೆ ಮೂರನೆಯದು. ಆ ಮೂರನೇ ಗಂಟು ಬಿಗಿದ ಮೇಲೆ ಮೂರೂವರೆ ಮಿಲಿಮೀಟರಿನಷ್ಟು ದಾರ ಬಿಟ್ಟು ಕತ್ತರಿಸಿ. ಮಣಿಯಿಂದ ಶುರುಮಾಡಿ ಅವನು ಬೆರಳು ಜಾರಿಸುತ್ತಾ ಬರಲಿ. ಮ್ಯಾಂಟಲ್ ದಾಟಲು ಅರ್ಧಕ್ಕಿಂತ ಸ್ವಲ್ಪವೇ ಕಡಿಮೆ ದಾರ ಬೇಕು, ಕೊನೆಯ ಗಂಟಿನಾಚೆ ಬೆರಳಿಗೆ ತಾಗುವ ಆ ತುಣುಕಿನ ಮೇಲೆ ಎಲ್ಲ ಊರು, ಕಾಡು, ಬೆಟ್ಟ.

ಮೊದಲ ಉತ್ತರದ ಅರ್ಧಗೋಳವನ್ನೇ ಅವನಿಗೂ ಮಾಡಿಕೊಡಿ, ಸ್ವಲ್ಪ ಬದಲಾವಣೆಯೊಂದಿಗೆ. ಮ್ಯಾಂಟಲ್‌ನ ಕಣಕಕ್ಕೆ ಮರಳು ಬೆರೆಸಿ ಒರಟು ಮಾಡಿ. ಹೊರ ಕೇಂದ್ರಗೋಳದ ಹಳ್ಳದಲ್ಲಿ ಎಣ್ಣೆ ತುಂಬಿ ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ ಇಡಿ, ಒತ್ತಿದರೆ ಜಾರಬೇಕು. ಅದರ ಮೇಲೆ ನಡುವಿನಲ್ಲಿ 24 ಮಿ.ಮೀ.ನ ಕಬ್ಬಿಣದ ಗುಂಡು, ಸಿಗದಿದ್ದರೆ ದೊಡ್ಡ ಗೋಲಿ.

ಆಮೇಲೆ ಭಾರ. ಒಂದೇ ಗಾತ್ರದ ನಾಲ್ಕು ಪುಟ್ಟ ಡಬ್ಬಿ ತೆಗೆದುಕೊಂಡು, ಹತ್ತಿ ಮತ್ತು ಮೊಳೆಗಳನ್ನು ತುಂಬಿ ಒಟ್ಟು ತೂಕ 28, 45, 110, 130 ಗ್ರಾಂ ಬರುವಂತೆ ಮಾಡಿ. ಅಲುಗಾಡಿಸಿದರೆ ಸದ್ದು ಬರದಂತೆ ಹತ್ತಿ ಬಿಗಿಯಾಗಿರಲಿ. ಭೂಕವಚ, ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ ಇವುಗಳ ಸರಾಸರಿ ಸಾಂದ್ರತೆಗೆ ಹೆಚ್ಚುಕಡಿಮೆ ಇದೇ ಅನುಪಾತ. ಯಾವುದು ಯಾವ ಪದರ ಅಂತ ಹೇಳದೆ ಅವನ ಮುಂದೆ ಇಟ್ಟು, ಹಗುರದಿಂದ ಭಾರಕ್ಕೆ ಜೋಡಿಸು ಅನ್ನಿ. ಎರಡನೆಯದರಿಂದ ಮೂರನೆಯದಕ್ಕೆ ಬಂದಾಗ ಅವನ ಕೈ ಥಟ್ಟನೆ ಕೆಳಗಿಳಿಯುತ್ತದೆ, ಬಂಡೆ ಮುಗಿದು ಕಬ್ಬಿಣ ಶುರುವಾಗುವ ಜಾಗ ಅದು. ನಾಲ್ಕನ್ನೂ ಸಾಲಾಗಿ ಇಟ್ಟ ಮೇಲಷ್ಟೇ, ಒಂದೊಂದರ ಮೇಲೂ ಅವನ ಕೈಯಿರಿಸಿ ಹೆಸರು ಹೇಳಿ.